ಶಿಕ್ಷೆಯೋ, ಶಿಕ್ಷಣವೋ? ಒಂದು ನಾಯಿಮರಿ ಕಲಿಸಿದ ಪಾಠ





ಇಂದಿನ ಧಮ್ಮ ಚಿಂತನೆ ಒಂದು ನಾಯಿಮರಿಯ ಬಗ್ಗೆ. ಓದಿ ನಗಬೇಡಿ, ಕೊನೆಯವರೆಗೆ ಓದಿ. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ, ನಮ್ಮ ಬಳಗದ ತಪ್ಪೊಪ್ಪಿಗೆಯೂ ಇದೆ.

ಮೇ ತಿಂಗಳ ಕೊನೆಗೆ ನಮ್ಮ ಮನೆಗೆ ಎರಡು ತಿಂಗಳ ಒಂದು ಮರಿ ಬಂತು. ಮಗಳು ಟಾಮಿ ಎಂದು ಹೆಸರಿಟ್ಟಳು. ಕೊಲ್ಲಮೊಗ್ರಿನಲ್ಲಿ ಕಾಡಿನ ಅಂಚಿಗೆ ಮನೆ ಇರುವವರಿಗೆ ಗೊತ್ತು, ರಾತ್ರಿ ಮರಿಯನ್ನು ಅಂಗಳದಲ್ಲಿ ಕಟ್ಟಿದರೆ ಚಿರತೆಯ ಭಯ. ಆದ್ದರಿಂದ ಕಬ್ಬಿಣದ ಬಲೆಯ ಒಂದು ಗೂಡು ತಂದು ಜಗಲಿಯ ಒಳಮೂಲೆಯಲ್ಲಿ ಇಟ್ಟೆವು. ನಾಯಿಗೆ ತಾನು ಮಲಗುವ ಜಾಗವನ್ನು ಗಲೀಜು ಮಾಡಲು ಮನಸ್ಸಿರುವುದಿಲ್ಲ. ಆ ಸ್ವಭಾವವನ್ನೇ ಹಿಡಿದು ಕಲಿಸಿದೆವು. ಮರಿ ಎದ್ದ ಕೂಡಲೇ ಅಂಗಳಕ್ಕೆ, ಉಂಡ ಸ್ವಲ್ಪ ಹೊತ್ತಿಗೆ ಅಂಗಳಕ್ಕೆ, ಆಟ ಮುಗಿದ ಮೇಲೆ ಮತ್ತೆ ಅಂಗಳಕ್ಕೆ. ಹೊರಗೆ ಮಾಡಿದರೆ ಅಲ್ಲೇ ನಿಂತು ಬೆನ್ನು ಸವರಿ ಒಂದು ತುಂಡು ಒಣಮೀನು. ಮೂರು ವಾರದಲ್ಲಿ ಟಾಮಿ ಕಲಿತಿತು. ನಾನು ಸಿಕ್ಕಿದವರ ಹತ್ತಿರವೆಲ್ಲ ಹೇಳಿಕೊಂಡು ತಿರುಗಿದೆ.

ಆಮೇಲೆ ಆಟಿ ತಿಂಗಳ ಮಳೆ ಹಿಡಿಯಿತು. ಟಾಮಿ ಮತ್ತೆ ಒಳಗೆ ಮಾಡತೊಡಗಿತು. ಮೊದಲು ಗೂಡಿನ ಮೂಲೆಯಲ್ಲಿ, ಆಮೇಲೆ ಜಗಲಿಯಲ್ಲಿ. ಒಂದು ಭಾನುವಾರ ಬೆಳಿಗ್ಗೆ ಬುದ್ಧರ ಮತ್ತು ಬಾಬಾಸಾಹೇಬರ ಪಟದ ಮುಂದೆ ಮೇಣದ ಬತ್ತಿ ಹಚ್ಚಲು ಹೋದಾಗ ನನ್ನ ಕಾಲು ಒದ್ದೆಯ ಮೇಲೆ ಬಿತ್ತು. ಸಿಟ್ಟು ನೆತ್ತಿಗೇರಿತು. ಬೆತ್ತ ತೆಗೆದು ಎರಡು ಬಾರಿಸಿದೆ. ಹಿರಿಯರು ಮಾಡುತ್ತಿದ್ದ ಹಾಗೆ ಮೂತಿಯನ್ನು ಆ ಒದ್ದೆಗೆ ತಿಕ್ಕಿದೆ. ಗೂಡಿಗೆ ತಳ್ಳಿ ಮಧ್ಯಾಹ್ನದವರೆಗೆ ಬಾಗಿಲು ತೆಗೆಯಲಿಲ್ಲ. ಕೈ ತೊಳೆದುಕೊಂಡು ಬಂದು ಪಂಚಶೀಲ ಹೇಳಿದೆ. ಪ್ರಾಣಿಗಳಿಗೆ ಹಿಂಸೆ ಮಾಡುವುದಿಲ್ಲ ಎಂಬ ಮೊದಲನೆಯ ಶೀಲವನ್ನು ಅದೇ ಬಾಯಲ್ಲಿ ಹೇಳಿದೆ.

ಟಾಮಿ ಸರಿಯಾಯಿತೇ? ಇಲ್ಲ. ಈಗ ಅದು ಅಕ್ಕಿ ಡಬ್ಬಿಯ ಹಿಂದೆ ಮಾಡಿತು, ಮಂಚದ ಅಡಿಯಲ್ಲಿ ಮಾಡಿತು. ಗೂಡಿನ ಬಾಗಿಲು ಕಂಡರೆ ಹಿಂದೆ ಸರಿಯಿತು. ನಾನು ಜೊತೆಗೆ ನಿಂತರೆ ಅಂಗಳದಲ್ಲಿಯೂ ಮಾಡಲು ಹೆದರಿತು. ಒಂದು ದಿನ ಮಗಳು ಹೇಳಿದಳು: "ಅಪ್ಪ, ಅದು ಒಳಗೆ ಉಚ್ಚೆ ಮಾಡುವುದನ್ನು ಬಿಟ್ಟಿಲ್ಲ. ನಿಮಗೆ ಕಾಣದ ಹಾಗೆ ಮಾಡಲು ಕಲಿತಿದೆ, ಅಷ್ಟೆ."

ಬಂಧುಗಳೇ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

*ನಾಯಿಯ ಮಾತು ನಮಗೇಕೆ?*

ಕೆಲವರು ಕೇಳಬಹುದು, ಧಮ್ಮದ ಗುಂಪಿನಲ್ಲಿ ನಾಯಿಯ ಮಾತು ಏಕೆ ಎಂದು. ಆ ಪ್ರಶ್ನೆಯ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. ನಾಯಿ ಬೆಕ್ಕು ನೀರು ಕುಡಿಯಬಹುದಾಗಿದ್ದ ಕೆರೆಯನ್ನು ನಮ್ಮವರು ಮುಟ್ಟುವ ಹಾಗಿರಲಿಲ್ಲ. ಅದಕ್ಕಾಗಿಯೇ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ಇಳಿದರು. 1931ರಲ್ಲಿ ಗಾಂಧೀಜಿಯವರ ಎದುರು ಕೂತು, ನಾಯಿ ಬೆಕ್ಕಿಗಿಂತ ಕಡೆಯಾಗಿ ನಮ್ಮನ್ನು ನಡೆಸಿಕೊಳ್ಳುವ ನಾಡನ್ನು ನನ್ನದು ಎಂದು ಹೇಗೆ ಹೇಳಲಿ ಎಂಬ ಅರ್ಥದ ಮಾತನ್ನು ಮುಖಕ್ಕೆ ಹೇಳಿದರು.

ಆದರೆ ಆ ಅವಮಾನ ನಾಯಿ ಮಾಡಿದ್ದಲ್ಲ, ಮನುಷ್ಯರು ಮಾಡಿದ್ದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳ ಮೇಲೆ ದಯೆ ಇಟ್ಟು ಅವುಗಳನ್ನು ಕಾಪಾಡುವ ಪ್ರತಿಜ್ಞೆಯೂ ಒಂದು. 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಅವರು ಕರುಣೆಗೂ ಮೈತ್ರಿಗೂ ಇರುವ ವ್ಯತ್ಯಾಸ ತೋರಿಸಿದ್ದಾರೆ. ಕರುಣೆ ಮನುಷ್ಯರ ಮೇಲಿನ ಪ್ರೀತಿ. ಬುದ್ಧರು ಅಲ್ಲಿಗೇ ನಿಲ್ಲಲಿಲ್ಲ, ಜೀವವಿರುವ ಎಲ್ಲವನ್ನೂ ಒಳಗೊಳ್ಳುವ ಮೈತ್ರಿಯನ್ನು ಕಲಿಸಿದರು.

ಧಣಿಗಳ ಅಂಗಳದಲ್ಲಿ ನಮ್ಮ ಅಜ್ಜಂದಿರ ಬೆನ್ನಿಗೆ ಬಿದ್ದ ಬೆತ್ತ ನಮಗೆ ನೆನಪಿದೆ. ಆ ಬೆತ್ತ ಇಂದು ನಮ್ಮ ಕೈಗೆ ಬಂದು ಕೂರಬಾರದು. ನನ್ನ ಕೈಗೆ ಅದು ಬಂದಿತ್ತು.

*ಮೊದಲು ವಿಚಾರಣೆ, ಆಮೇಲೆ ತೀರ್ಪು*

ಜಾತಕ ಕತೆಗಳಲ್ಲಿ ಕುಕ್ಕುರ ಜಾತಕ ಎಂಬುದಿದೆ. ಅದನ್ನು ಪೂರ್ವಜನ್ಮದ ಲೆಕ್ಕವಾಗಿ ಓದುವುದು ಬೇಡ, ನೀತಿಕತೆಯಾಗಿ ಓದೋಣ. ಬನಾರಸದ ರಾಜನ ರಥ ರಾತ್ರಿ ಅಂಗಳದಲ್ಲಿ ಉಳಿಯಿತು. ಮಳೆ ಬಂದು ಅದರ ಚರ್ಮದ ಪಟ್ಟಿಗಳು ಒದ್ದೆಯಾದವು. ಅರಮನೆಯ ಸಾಕುನಾಯಿಗಳು ಇಳಿದು ಬಂದು ಅದನ್ನು ಕಡಿದು ತಿಂದವು. ಸೇವಕರು, ಬೀದಿನಾಯಿಗಳು ಚರಂಡಿಯ ಕಿಂಡಿಯಿಂದ ನುಗ್ಗಿ ತಿಂದವು ಎಂದರು. ರಾಜ ವಿಚಾರಿಸಲಿಲ್ಲ, ಕಂಡಲ್ಲಿ ನಾಯಿಗಳನ್ನು ಕೊಲ್ಲಿ ಎಂದ. ಅರಮನೆಯ ನಾಯಿಗಳಿಗೆ ಮಾತ್ರ ವಿನಾಯಿತಿ.

ಆಗ ಸುಡುಗಾಡಿನಲ್ಲಿ ವಾಸವಿದ್ದ ಒಂದು ನಾಯಿ, ಅದೇ ಬೋಧಿಸತ್ವ, ರಾಜನ ಸಭೆಗೆ ಬಂತು. ಚರ್ಮ ತಿಂದವರು ಯಾರೆಂದು ನೋಡಿದ್ದೀರಾ ಎಂದು ಕೇಳಿತು. ನೋಡಿಲ್ಲ ಎಂದ ರಾಜ. ಹಾಗಾದರೆ ಅರಮನೆಯ ನಾಯಿಗಳಿಗೆ ಮಜ್ಜಿಗೆಯಲ್ಲಿ ದರ್ಭೆ ಹುಲ್ಲು ಕಲಸಿ ಕೊಡಿ ಎಂದಿತು. ಕೊಟ್ಟರು. ಆ ನಾಯಿಗಳು ಚರ್ಮದ ಚೂರುಗಳನ್ನು ಕಕ್ಕಿದವು. ತಪ್ಪು ಅರಮನೆಯ ಒಳಗೇ ಇತ್ತು. ಪೆಟ್ಟು ತಿನ್ನುತ್ತಿದ್ದವರು ಊರ ಹೊರಗಿನವರು. ಈ ಕತೆಯನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾನೂ ಆ ರಾಜನ ಹಾಗೆ ವಿಚಾರಿಸದೆ ಬೆತ್ತ ಎತ್ತಿದ್ದೆ. ಬುದ್ಧರು ಕೊಟ್ಟ ನಾಲ್ಕು ಆರ್ಯಸತ್ಯಗಳು ವೈದ್ಯರ ಕ್ರಮದಂತೆ. ಏನಾಗಿದೆ, ಏಕಾಗಿದೆ, ಅದು ನಿಲ್ಲುವುದು ಸಾಧ್ಯವೇ, ನಿಲ್ಲಿಸುವ ದಾರಿ ಯಾವುದು. ಮರುದಿನ ಅದೇ ಕ್ರಮದಲ್ಲಿ ನಾನೂ ಮನೆಯವಳೂ ಕೂತು ಯೋಚಿಸಿದೆವು. ಕಾರಣ ಒಂದೊಂದಾಗಿ ಹೊರಗೆ ಬಂತು.

1. ಜೂನ್‌ನಲ್ಲಿ ಶಾಲೆ ಸುರುವಾಗಿ ಮಗಳು ಹಗಲು ಮನೆಯಲ್ಲಿಲ್ಲ. ಮಳೆ ಹೊಳವಾದಾಗ ನಾನು ಅಡಿಕೆಗೆ ಮದ್ದು ಬಿಡುವ ಕೆಲಸಕ್ಕೆ, ಮನೆಯವಳು ತೋಟದ ಕೆಲಸಕ್ಕೆ. ಟಾಮಿ ಬೆಳಿಗ್ಗೆ ಏಳರಿಂದ ಒಂದರವರೆಗೆ ಗೂಡಿನಲ್ಲಿ, ಆರು ಗಂಟೆ. ಮೂರು ನಾಲ್ಕು ತಿಂಗಳ ಮರಿ ಹಗಲಿನಲ್ಲಿ ಹೆಚ್ಚೆಂದರೆ ಮೂರು ನಾಲ್ಕು ಗಂಟೆ ತಡೆದೀತು, ಎಷ್ಟೋ ಮರಿಗಳಿಗೆ ಅಷ್ಟೂ ಆಗದು. ಅದು ಗೂಡಿನಲ್ಲಿ ಮಾಡಿದ್ದಲ್ಲ, ನಾವು ಮಾಡಿಸಿದ್ದು.

2. ಗೂಡು ದೊಡ್ಡ ನಾಯಿಗೆ ಆಗುವಂಥದ್ದು. ಒಂದು ಮೂಲೆಯಲ್ಲಿ ಮಾಡಿ ಇನ್ನೊಂದು ಮೂಲೆಯಲ್ಲಿ ಒಣಗಿದ ಜಾಗದಲ್ಲಿ ಮಲಗಲು ಬೇಕಾದಷ್ಟು ಸ್ಥಳ. ಗೂಡು ಮರಿ ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಸಾಕಾಗುವಷ್ಟು ಇದ್ದರೆ ಸಾಕು.

3. ಅಂಗಳದಲ್ಲಿ ಮೊಣಗಂಟು ಮುಳುಗುವ ನೀರು, ಇಂಬಳ. ದೊಡ್ಡವರಾದ ನಾವೇ ಕೊಡೆ ಇಲ್ಲದೆ ಇಳಿಯದ ಜಾಗಕ್ಕೆ ಅಂಗೈಯಷ್ಟು ಮರಿ ಇಳಿಯಬೇಕಿತ್ತು.

4. ಫಿನಾಯಿಲ್ ಹಾಕಿ ಒರೆಸಿದರೆ ನಮ್ಮ ಮೂಗಿಗೆ ವಾಸನೆ ಹೋಗುತ್ತದೆ, ನಾಯಿಯ ಮೂಗಿಗೆ ಹೋಗುವುದಿಲ್ಲ. ಹಳೆಯ ವಾಸನೆ ಇರುವಲ್ಲಿ ಅದು ಮತ್ತೆ ಮಾಡುತ್ತದೆ.

ನಾಲ್ಕರಲ್ಲಿ ಒಂದೂ ಮರಿಯ ತಪ್ಪಲ್ಲ.

ಐದನೆಯ ಸಂಶಯವೊಂದಿತ್ತು. ಕಲಿತ ಮರಿ ಇದ್ದಕ್ಕಿದ್ದಂತೆ ತಪ್ಪಿದರೆ, ಪದೇ ಪದೇ ಸ್ವಲ್ಪ ಸ್ವಲ್ಪವೇ ಮಾಡುತ್ತಿದ್ದರೆ, ಮೂತ್ರದ ಸೋಂಕೂ ಇರಬಹುದು. ಆದ್ದರಿಂದ ಪಶುವೈದ್ಯರಿಗೆ ತೋರಿಸಿದೆವು, ಸೋಂಕು ಇರಲಿಲ್ಲ. ಇಂಥ ತೊಂದರೆಗೆ ಹರಕೆ, ದೃಷ್ಟಿ ತೆಗೆಯುವುದು ಯಾವುದೂ ಬೇಡ. ಕಾರಣ ಹುಡುಕಿದರೆ ಸಾಕು.

ಆಮೇಲೆ ಮಾಡಿದ್ದು ಇಷ್ಟೇ. ಗೂಡಿನ ನಡುವೆ ಒಂದು ಹಲಗೆ ಕೊಟ್ಟು ಸಣ್ಣದು ಮಾಡಿದೆವು. ಸೌದೆ ಕೊಟ್ಟಿಗೆಯ ಬದಿಯಲ್ಲಿ, ಮಾಡಿನ ಅಡಿಗೆ, ಒಣ ತರಗೆಲೆ ಹರಡಿ ಮಳೆಗಾಲದ ಜಾಗ ಮಾಡಿದೆವು. ಒಳಗೆ ಒದ್ದೆಯಾದಲ್ಲಿ ಸಾಬೂನು ನೀರಿನಿಂದ ತೊಳೆದು ಆಮೇಲೆ ನೀರಿಗೆ ವಿನೆಗರ್ ಬೆರೆಸಿ ಒರೆಸಿದೆವು. ಹಗಲು ಹತ್ತು ಗಂಟೆಗೆ ಪಕ್ಕದ ಮನೆಯ ಅಜ್ಜಿ ಬಂದು ಬಾಗಿಲು ತೆಗೆದು ಹೊರಗೆ ಬಿಡುತ್ತೇನೆಂದು ಒಪ್ಪಿದರು. ನೋಡಿ, ಮರಿ ಕಲಿಯಬೇಕಾದರೂ ಒಂದು ಸಂಘ ಬೇಕಾಯಿತು. ಕಣ್ಣೆದುರೇ ಒಳಗೆ ಮಾಡಲು ಕೂತರೆ ಬೈಯದೆ ಎತ್ತಿಕೊಂಡು ಹೊರಗೆ ಹೋಗುವುದು. ಮಾಡಿ ಮುಗಿದಿದ್ದರೆ ಸುಮ್ಮನೆ ತೊಳೆಯುವುದು. ಹೊತ್ತು ಕಳೆದ ಮೇಲೆ ಬೈದರೆ ಯಾವುದಕ್ಕೆ ಬೈಗುಳ ಎಂದು ಅದಕ್ಕೆ ತಿಳಿಯುವುದಿಲ್ಲ, ಬೈಯುವವರ ಭಯ ಮಾತ್ರ ಉಳಿಯುತ್ತದೆ. ಗೂಡಿನೊಳಗೆ ಹಳೆಯ ಚಾದರ, ಒಂದು ಹಿಡಿ ಅನ್ನ ಇಟ್ಟು ಬಾಗಿಲು ತೆರೆದೇ ಬಿಟ್ಟೆವು. ನಾಲ್ಕನೆಯ ದಿನ ಅದಾಗಿಯೇ ಒಳಗೆ ಹೋಗಿ ಮಲಗಿತು.

ಆಮೇಲೂ ಎರಡು ಸಲ ತಪ್ಪಿತು. ತೊಳೆದೆವು, ಮತ್ತೆ ಹೊತ್ತು ಹೊತ್ತಿಗೆ ಹೊರಗೆ ಕರೆದುಕೊಂಡು ಹೋದೆವು. ನನ್ನನ್ನು ಕಂಡರೆ ಬಾಲ ಮಡಚುವುದು ನಿಲ್ಲಲು ಮಾತ್ರ ಒಂದು ತಿಂಗಳು ಹಿಡಿಯಿತು. ಬೆತ್ತದ ಎರಡು ಪೆಟ್ಟಿಗೆ ಅರ್ಧ ನಿಮಿಷ ಸಾಕಾಗಿತ್ತು.

*ಶೀಲವೂ ಒಂದು ಗೂಡು*

ನಾವು ಪಂಚಶೀಲ ಹೇಳುವಾಗ ಪ್ರತಿಯೊಂದು ಶೀಲವನ್ನೂ 'ಸಿಕ್ಖಾಪದ' ಎಂದು ಹೇಳುತ್ತೇವೆ. ಪಾಲಿಯ ಸಿಕ್ಖಾ, ನಮ್ಮ ಕನ್ನಡದ ಶಿಕ್ಷೆ ಎರಡೂ ಒಂದೇ ಬೇರಿನ ಪದಗಳು. ಅದೇ ಬೇರಿನಿಂದ ಶಿಕ್ಷಣವೂ ಬಂದಿದೆ. ಆದರೆ ಇಂದು ಶಿಕ್ಷೆ ಎಂದರೆ ನಮ್ಮ ಕಿವಿಗೆ ಪೆಟ್ಟು, ದಂಡ, ಜೈಲು. ಪಾಲಿಯಲ್ಲಿ ಅದರ ಅರ್ಥ ಕಲಿಕೆ, ಅಭ್ಯಾಸ. ಸಿಕ್ಖಾಪದ ಎಂದರೆ ಕಲಿಕೆಯ ಒಂದು ಹೆಜ್ಜೆ. ಹೆಜ್ಜೆ ಇಡುವವನು ಎಡವುತ್ತಾನೆ. ಎಡವಿದವನನ್ನು ಎಬ್ಬಿಸುವುದು ಶಿಕ್ಷಣ. ಬಿದ್ದಲ್ಲಿಗೆ ಹೋಗಿ ಇನ್ನೊಂದು ಬಾರಿಸುವುದು ನಾವು ಕಟ್ಟಿಕೊಂಡ ಶಿಕ್ಷೆ. ಬಾಬಾಸಾಹೇಬರು ನಮಗೆ ಮೊದಲು ಹೇಳಿದ್ದೂ ಶಿಕ್ಷಣವನ್ನೇ.

ಶೀಲ ಗೂಡಿನ ಹಾಗೆ. ಹೊರಗಿನ ಚಿರತೆಯಿಂದ ಕಾಯುತ್ತದೆ, ಒಳಗೆ ನೆಮ್ಮದಿಯ ನಿದ್ದೆ ಕೊಡುತ್ತದೆ. ಅದೇ ಗೂಡನ್ನು ದಂಡನೆಯ ಕೋಣೆ ಮಾಡಿದರೆ ಮರಿ ಅದರ ಹತ್ತಿರವೂ ಸುಳಿಯುವುದಿಲ್ಲ.

ಬಂಧುಗಳೇ, ಈಗ ಬಳಗದ ಮಾತು. ನಮ್ಮಲ್ಲೊಬ್ಬರು ಕುಡಿತ ಬಿಟ್ಟು ಐದನೆಯ ಶೀಲ ಹಿಡಿದು ಬಹಳ ಕಾಲ ಚೆನ್ನಾಗಿ ನಡೆದರು. ಆಮೇಲೆ ಒಂದು ಸಲ ತಪ್ಪಿದರು. ಸಭೆಯಲ್ಲಿ ಹತ್ತು ಜನರ ಎದುರು ನಾವು ಅವರನ್ನು ಏನೆಲ್ಲ ಕೇಳಿದೆವು? ನಿಮಗೆ ನಾಚಿಕೆ ಇಲ್ಲವೇ ಎಂದೆವು. ಧಮ್ಮಕ್ಕೆ ಕಳಂಕ ಎಂದೆವು. ಹೆಚ್ಚು ಮಾತಾಡಿದವನು ನಾನೇ. ಅವರು ಅಂದಿನಿಂದ ಬರಲಿಲ್ಲ. ಈಗ ಕುಡಿಯುತ್ತಾರೋ ಇಲ್ಲವೋ ನಮಗೆ ಗೊತ್ತಿಲ್ಲ. ನಮಗೆ ಕಾಣದ ಹಾಗೆ ಇರಲು ನಾವೇ ಕಲಿಸಿಬಿಟ್ಟೆವು. ಕೆಲಸ ಸಿಗದೆ ಕೂತಿದ್ದರೇ, ಮನೆಯಲ್ಲಿ ಕಷ್ಟವಿತ್ತೇ, ಸಂಜೆ ಯಾರ ಜೊತೆ ಇರುತ್ತಿದ್ದರು, ಒಬ್ಬರೂ ಕೇಳಲಿಲ್ಲ. ಮಜ್ಜಿಗೆ ಹುಲ್ಲಿನ ಪರೀಕ್ಷೆ ನಮಗೂ ಆಗಬೇಕಿತ್ತು.

ಬುದ್ಧರು ಮಗ ರಾಹುಲನಿಗೆ ಅಂಬಲಟ್ಠಿಕೆಯಲ್ಲಿ ಕಲಿಸಿದ್ದನ್ನು ನೆನಪಿಸಿಕೊಳ್ಳಿ. ಆಗ ಅವನಿಗೆ ಏಳು ವರ್ಷ ಎಂದು ಸಂಪ್ರದಾಯ ಹೇಳುತ್ತದೆ. ಬೆತ್ತ ಹಿಡಿಯಲಿಲ್ಲ, ನೀರಿನ ಪಾತ್ರೆ ಹಿಡಿದು ತೋರಿಸಿ ಹೇಳಿದರು. ಕೆಲಸದ ಮೊದಲು ಯೋಚಿಸು, ಮಾಡುವಾಗ ಯೋಚಿಸು, ಮಾಡಿದ ಮೇಲೂ ಯೋಚಿಸು. ತಪ್ಪಾಗಿದ್ದರೆ ಗುರುವಿನ ಹತ್ತಿರವೋ ತಿಳಿದ ಸಂಗಾತಿಯ ಹತ್ತಿರವೋ ಬಿಚ್ಚಿ ಹೇಳು, ಮುಂದೆ ಎಚ್ಚರವಿರು ಎಂಬುದು ಅದರ ಸಾರ. ಭಿಕ್ಖು ಸಂಘದಲ್ಲಿಯೂ ಅಷ್ಟೆ, ಎಷ್ಟೋ ಸಣ್ಣ ತಪ್ಪುಗಳು ಇನ್ನೊಬ್ಬ ಭಿಕ್ಖುವಿನ ಎದುರು ಹೇಳಿಕೊಂಡಲ್ಲಿಗೆ ಮುಗಿಯುತ್ತವೆ. ಆದರೆ ಬಿಚ್ಚಿ ಹೇಳಬೇಕಾದರೆ ಕೇಳುವವನ ಕೈಯಲ್ಲಿ ಬೆತ್ತ ಇರಬಾರದು.

ಹಾಗೆಂದು ತಪ್ಪು ತಪ್ಪೇ ಅಲ್ಲ ಎನ್ನುವುದಿಲ್ಲ. ಒದ್ದೆಯನ್ನು ತೊಳೆಯಲೇಬೇಕು. ಕುಡಿತ ನಮ್ಮ ಎಷ್ಟೋ ಮನೆಗಳನ್ನು ತಿಂದಿದೆ, ಶೀಲ ಸಡಿಲವಾಗಬಾರದು. ಸಡಿಲವಾಗಬೇಕಾದ್ದು ನಮ್ಮ ನಾಲಿಗೆಯ ಬಿಗಿ.

ಅಣ್ಣಾ, ಈ ಸಂದೇಶ ಯಾರಿಂದಲಾದರೂ ನಿಮಗೆ ತಲುಪೀತು. ಅಂದು ಮಾತಾಡಿದ್ದು ನನ್ನ ತಪ್ಪು. ಭಾನುವಾರ ಬನ್ನಿ. ಯಾರೂ ಏನೂ ಕೇಳುವುದಿಲ್ಲ. ಚಾಪೆಯಲ್ಲಿ ನಿಮ್ಮ ಜಾಗ ಹಾಗೇ ಇದೆ. ನೀವು ಬಾರದಿದ್ದರೆ ನಾನೇ ನಿಮ್ಮ ಮನೆಗೆ ಬರುತ್ತೇನೆ, ಉಪದೇಶಕ್ಕಲ್ಲ, ಚಾ ಕುಡಿಯಲು. ಬಂಧುಗಳೇ, ಇವರು ಯಾರು ಎಂದು ಊಹಿಸುವುದು, ಗುಂಪಿನಲ್ಲಿ ಕೇಳುವುದು ಬೇಡ. ನಾಳೆ ಆ ಜಾಗದಲ್ಲಿ ನಾವೂ ಇರಬಹುದು.

*ಇಂದಿನ ಅಭ್ಯಾಸ*

ಇವತ್ತು ಮನೆಯಲ್ಲಿ ಮಗುವೋ, ಪ್ರಾಣಿಯೋ, ದೊಡ್ಡವರೋ ಕಲಿತದ್ದರಲ್ಲಿ ತಪ್ಪಿದರೆ, ಬಾಯಿ ತೆರೆಯುವ ಮೊದಲು ಮೂರು ಉಸಿರು ಗಮನಿಸಿ. ಆಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದಕ್ಕೆ ಕಾರಣ ಏನು, ಅದರಲ್ಲಿ ನನ್ನ ಪಾಲು ಎಷ್ಟು? ತಪ್ಪಿದವರು ನೀವೇ ಆಗಿದ್ದರೆ, ನಂಬಿಕೆಯ ಒಬ್ಬರ ಹತ್ತಿರ ಇವತ್ತೇ ಹೇಳಿ, ಮತ್ತೆ ಮೊದಲ ಹೆಜ್ಜೆ ಇಡಿ.

ಎಲ್ಲ ಜೀವಿಗಳೂ ಸುಖವಾಗಿರಲಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.

ಜೈ ಭೀಮ್.

(ಓದಿದ ಮೇಲೆ ನಿಮ್ಮ ಮನೆಯವರಿಗೂ ಓದಿ ಹೇಳಿ, ಇತರ ಧಮ್ಮ ಬಂಧುಗಳಿಗೂ ಕಳುಹಿಸಿ.)