ಸಂಕೋಚಕ್ಕೂ ಮರ್ಯಾದೆ ಉಂಟು

ನಮ್ಮ ಚಿಕ್ಕಮ್ಮ ತೀರಿಕೊಂಡು ಬಹಳ ವರ್ಷಗಳಾದವು. ಆಕೆಗೆ ಬಂದದ್ದು ಗರ್ಭಕಂಠದ ಕ್ಯಾನ್ಸರು. ಮುಟ್ಟು ನಿಂತು ಎಷ್ಟೋ ಕಾಲವಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡುದನ್ನು ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ನಮ್ಮ ತಾಯಿ ಒತ್ತಾಯಮಾಡಿ ಕೇಳಿದಾಗ, "ಹೇಗೆ ಹೇಳಲಿ ಅಕ್ಕ? ಡಾಕ್ಟರ ಮುಂದೆ ಹೇಗೆ ಮಲಗಲಿ?" ಎಂದಳು. ಪ್ರಾಣಕ್ಕಿಂತ ನಾಚಿಕೆ ದೊಡ್ಡದೆ ಎಂದು ನನಗೆ ಅಂದು ಸಿಟ್ಟು ಬಂದಿತ್ತು. ಇಂದು ಬೇರೊಂದು ಪ್ರಶ್ನೆ ಕಾಡುತ್ತದೆ: ಪ್ರಾಣ ಬೇಕಾದರೆ ನಾಚಿಕೆ ಬಿಡು ಎಂದು ಷರತ್ತು ಹಾಕುವ ಅಧಿಕಾರ ನಮಗೆ ಎಲ್ಲಿಂದ ಬಂತು?

ನಾಚಿಕೆಯನ್ನು ಅಜ್ಞಾನವೆಂದು ತಳ್ಳಿಬಿಡುವುದು ಸುಲಭ. ಆದರೆ ತನ್ನ ದೇಹ ತನ್ನದು ಎಂಬ ಅರಿವಿನ ಒಂದು ಮುಖವೇ ನಾಚಿಕೆಯಲ್ಲವೆ? ಅದನ್ನು ಕಳೆದುಕೊಳ್ಳದೆಯೂ ಆರೋಗ್ಯವನ್ನು ಕಾಯ್ದುಕೊಳ್ಳುವ ದಾರಿ ಇದ್ದರೆ, ಆ ದಾರಿಯನ್ನು ತೋರಿಸುವುದೇ ಧರ್ಮ.

ಅಂಥ ದಾರಿ ಈಗ ಉಂಟು. ಈ ರೋಗಕ್ಕೆ ಬಹುಮಟ್ಟಿಗೆ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಸೋಂಕು ಹಾಗೆಯೇ ಉಳಿದುಕೊಂಡರೂ ಅದು ಕ್ಯಾನ್ಸರಾಗಲು ಸಾಮಾನ್ಯವಾಗಿ ಹತ್ತಾರು ವರ್ಷ ಬೇಕು. ಅಷ್ಟರೊಳಗೆ ಕಂಡುಹಿಡಿದರೆ ತಡೆಯಬಹುದು. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದರ ಫಲ 2009ರಲ್ಲಿ ಪ್ರಕಟವಾಯಿತು. ಈ ವೈರಸ್ಸಿನ ಪರೀಕ್ಷೆಗೆ ಒಂದೇ ಒಂದು ಸಲ ಒಳಪಡಿಸಿದ ಹೆಂಗಸರ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಮುಖ್ಯ ಸಂಗತಿಯೆಂದರೆ, ಈ ಪರೀಕ್ಷೆಗೆ ಬೇಕಾದ ಮಾದರಿಯನ್ನು ಹೆಂಗಸು ತಾನೇ, ತನ್ನ ಮನೆಯ ಬಾಗಿಲು ಹಾಕಿಕೊಂಡು, ಸಣ್ಣ ಕುಂಚದಿಂದ ತೆಗೆದು ಕೊಳವೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಇದನ್ನು ಒಪ್ಪಿದೆ. ಇಷ್ಟೂ ಬೇಡವೆನ್ನುವವರಿಗೆ ಹತ್ತಿರದ ಸರಕಾರಿ ಆರೋಗ್ಯ ಕೇಂದ್ರವುಂಟು. ತರಬೇತಾದ ದಾದಿ ಗರ್ಭಕಂಠಕ್ಕೆ ತೆಳುವಾದ ಅಸೆಟಿಕ್ ಆಮ್ಲವನ್ನು ಸವರಿ, ಬಿಳುಪು ಕಲೆ ಕಾಣುವುದೇ ಎಂದು ನೋಡುತ್ತಾಳೆ. 30 ದಾಟಿದ ಹೆಂಗಸರಿಗಾಗಿ ಇರುವ ಏರ್ಪಾಡು ಇದು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 30ರಿಂದ 49 ವಯಸ್ಸಿನ ನಮ್ಮ ದೇಶದ ಹೆಂಗಸರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರಿಗಿಂತ ಕಡಿಮೆ!

ಮನೆಯ ಪರೀಕ್ಷೆ ನಾಚಿಕೆಯನ್ನು ಇನ್ನಷ್ಟು ಬೆಳೆಸುವುದಿಲ್ಲವೆ ಎಂದು ಮಿತ್ರರೊಬ್ಬರು ಕೇಳಿದರು. ಒಪ್ಪತಕ್ಕ ಮಾತೇ. ಬಾಗಿಲು ಹಾಕಿಕೊಂಡು ಮಾದರಿ ತೆಗೆದವಳು ಫಲಿತಾಂಶವನ್ನೂ ಬಾಗಿಲು ಹಾಕಿಕೊಂಡೇ ನುಂಗಿಬಿಟ್ಟರೆ ಏನು ಬಂತು? ವೈರಸ್ ಇದೆ ಎಂದು ಬಂದರೆ ಅದೇ ಕ್ಯಾನ್ಸರಲ್ಲ. ಆದರೆ ಮುಂದಿನ ತಪಾಸಣೆಗೆ ವೈದ್ಯರಲ್ಲಿಗೆ ಹೋಗಲೇಬೇಕು. ಆಗ ಅವಳ ಜೊತೆಗೆ ಯಾರು ಹೋಗುತ್ತಾರೆ?

ಗಂಡಸರಾದ ನಾವು ಇಲ್ಲಿ ಪರೀಕ್ಷೆಗೆ ನಿಲ್ಲಬೇಕಾಗಿದೆ. ಈ ವೈರಸ್ ದೇಹಸಂಪರ್ಕದಿಂದ ಹರಡತಕ್ಕದ್ದು. ಅಷ್ಟನ್ನೇ ಹಿಡಿದು ಹೆಂಡತಿಯ ಶೀಲವನ್ನು ತೂಗಲು ಹೊರಡುವ ಗಂಡಂದಿರು ಇಲ್ಲದಿಲ್ಲ. ದಾಂಪತ್ಯ ನಡೆಸುವ ಬಹುತೇಕ ಗಂಡಸರಿಗೂ ಹೆಂಗಸರಿಗೂ ಜೀವಮಾನದಲ್ಲಿ ಒಮ್ಮೆಯಾದರೂ ಇದು ತಗಲುತ್ತದೆ, ಬಹುಪಾಲು ತಾನಾಗಿ ಹೋಗಿಬಿಡುತ್ತದೆ. ಎಷ್ಟೋ ವರ್ಷ ಅಡಗಿದ್ದು ಆಮೇಲೆ ಕಾಣಿಸಿಕೊಳ್ಳುವುದೂ ಉಂಟು. ಯಾರಿಂದ ಬಂತು, ಎಂದು ಬಂತು ಎಂದು ಆ ಕಾಗದ ಹೇಳುವುದಿಲ್ಲ. ಅದು ವೈದ್ಯರಿಗೆ ಬರೆದ ಚೀಟಿಯೇ ಹೊರತು ನಡತೆಯ ಪತ್ರವಲ್ಲ.

ನಮ್ಮ ಚಿಕ್ಕಮ್ಮನ ಆ ಎಂಟು ತಿಂಗಳಲ್ಲಿ ಮನೆಯ ಪರೀಕ್ಷೆ ಸಾಲುತ್ತಿರಲಿಲ್ಲ. ಮುಟ್ಟು ನಿಂತ ಮೇಲೆ ರಕ್ತ ಕಂಡವರು ನೇರವಾಗಿ ವೈದ್ಯರನ್ನೇ ಕಾಣಬೇಕು. ಆದರೆ ಅದಕ್ಕೆ ಹತ್ತು ವರ್ಷ ಮೊದಲು ಅಂಥದೊಂದು ಕೊಳವೆ ಅವಳ ಕೈಗೆ ಸಿಕ್ಕಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಅದನ್ನು ಕೈಗೆ ಕೊಡುವುದು ವಿಜ್ಞಾನದ ಕೆಲಸ. ಫಲಿತಾಂಶ ಬಂದ ದಿನ ಅವಳು ಹೆದರದೆ ಬಾಯಿಬಿಡುವ ಹಾಗೆ ಮನೆಯನ್ನು ಇಟ್ಟುಕೊಳ್ಳುವುದು ನಮ್ಮ ಕೆಲಸ. ಎರಡನೆಯದನ್ನು ಮಾಡಿಕೊಡುವ ಪ್ರಯೋಗಾಲಯ ಎಲ್ಲಿಯೂ ಇಲ್ಲ.