ಕುಲದೋಷವೆಂಬುದು ಯಾವುದು?

ಕಲಬುರಗಿ ಸೀಮೆಯಲ್ಲಿ ಸೋದರಮಾವನಿಗೂ ಸೋದರತ್ತೆಯ ಮಗನಿಗೂ ಹೆಣ್ಣು ಕೊಡುವ ರೂಢಿ ಹಳೆಯದು. ಕಮಲಾಪುರದಂತಹ ಊರಿನಲ್ಲಿ ಸಂಬಂಧ ಕೂಡಿಬಂದರೆ ಹಿರಿಯರು ಜಾತಕವನ್ನು ತಪ್ಪದೆ ನೋಡಿಸುವರು. ರಕ್ತವನ್ನು ಪರೀಕ್ಷಿಸಲು ಕಲಬುರಗಿಗೆ ಹೊರಡುವವರು ವಿರಳ. ಕುಲಕ್ಕೆ ಕಳಂಕ ತಗಲೀತೆಂಬ ಭಯವೂ ಇದಕ್ಕೊಂದು ಕಾರಣ. ಈ ಭಯವು ಯುಕ್ತವೇ?

ಕೆಂಪು ರಕ್ತಕಣವು ಸುಮಾರು 120 ದಿವಸ ಬಾಳಿ, ಹಿಮೋಗ್ಲೋಬಿನ್ ಎಂಬ ದ್ರವ್ಯದಿಂದ ಪ್ರಾಣವಾಯುವನ್ನು ಅಂಗಾಂಗಗಳಿಗೆ ಒಯ್ಯುತ್ತದೆ. ಕುಡಗೋಲುಕಣ ರೋಗದಲ್ಲಿ ಈ ದ್ರವ್ಯವೇ ವಿಕಾರಗೊಂಡಿರುವುದೆಂದು ಲೈನಸ್ ಪಾಲಿಂಗ್ ಮತ್ತು ಸಂಗಡಿಗರು 1949ರಲ್ಲಿ ತೋರಿಸಿದರು. ಥಲಸ್ಸೀಮಿಯಾದಲ್ಲಿ ಅದರ ಉತ್ಪತ್ತಿಯೇ ಕುಂದುತ್ತದೆ. ತಾಯಿತಂದೆಗಳಲ್ಲಿ ಒಬ್ಬರಿಂದ ಮಾತ್ರ ಇಂತಹ ರೋಗಬೀಜವನ್ನು ಪಡೆದವನು ವಾಹಕನು. ಅವನು ಬಹುಮಟ್ಟಿಗೆ ಆರೋಗ್ಯವಂತನೇ. ಒಂದೇ ರೋಗದ ವಾಹಕರಿಬ್ಬರು ದಂಪತಿಗಳಾದರೆ ಪ್ರತಿಯೊಂದು ಗರ್ಭಕ್ಕೂ ನಾಲ್ಕರಲ್ಲೊಂದು ಪಾಲು ರೋಗಸಂಭವವುಂಟು. ರಕ್ತಸಂಬಂಧದ ವಿವಾಹದಲ್ಲಿ ಇಂತಹ ಕೂಟದ ಸಾಧ್ಯತೆ ಹೆಚ್ಚು.

ಇದನ್ನು ಕುಲದ ಪಾಪವೆನ್ನುವವರು ಒಂದನ್ನು ವಿಚಾರಿಸತಕ್ಕದ್ದು. ಕುಡಗೋಲುಕಣದ ಒಂಟಿ ಬೀಜವು ಮಾರಕವಾದ ಮಲೇರಿಯಾದಿಂದ ರಕ್ಷಣೆಯನ್ನು ಕೊಡುತ್ತದೆ. ಆದುದರಿಂದಲೇ ಅದು ತಲೆಮಾರುಗಳಲ್ಲಿ ಉಳಿದುಬಂದಿತು. ಪೂರ್ವಿಕರನ್ನು ಕಾಯ್ದ ವಸ್ತುವೇ ಮೊಮ್ಮಗನನ್ನು ಬಾಧಿಸಿದರೆ ದೂಷಿಸುವುದು ಯಾರನ್ನು?

ಹುಟ್ಟಿನಿಂದ ಬಂದುದಕ್ಕೆ ಯಾರೂ ಹೊಣೆಯಲ್ಲ. ಆದರೆ ತಿಳಿಯಬಹುದಾದುದನ್ನು ತಿಳಿಯಲೊಲ್ಲದವನೂ, ತಿಳಿದುದನ್ನು ಬೀಗರಿಂದ ಮರೆಮಾಚುವವನೂ ಹೊಣೆಯಿಂದ ತಪ್ಪಿಸಿಕೊಳ್ಳಲಾರರು. ಅವರ ಮೌನದ ಫಲವನ್ನುಣ್ಣುವುದು ಇನ್ನೂ ಹುಟ್ಟದ ಕೂಸು. ಥಲಸ್ಸೀಮಿಯಾ ಘೋರವಾಗಿದ್ದರೆ ಅದು ಮೂರು ನಾಲ್ಕು ವಾರಗಳಿಗೊಮ್ಮೆ ಪರರ ರಕ್ತವನ್ನು ಪಡೆದು ಜೀವಿಸಬೇಕು. ಜಾತಕದೊಡನೆ ರಕ್ತವನ್ನೂ ನೋಡಿಸಿ, ಕಂಡುದನ್ನು ಕಂಡಂತೆ ಹೇಳುವ ಮನೆಯೇ ಕುಲೀನವೆನಿಸತಕ್ಕದ್ದು. ಬಚ್ಚಿಡುವುದೇ ನಿಜವಾದ ಕುಲದೋಷ.