ಹಿಟ್ಟಿನ ಜಿಗಿ

ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ರೊಟ್ಟಿ ಬಡಿದು ಮಾರುವ ಅಕ್ಕನೊಬ್ಬರು ಕೊಣಮಿಗಿಯಲ್ಲಿ ಹಿಟ್ಟು ನಾದುತ್ತ ಆಡಿದ ಮಾತು ನನ್ನ ತಲೆಯಲ್ಲೇ ಉಳಿದಿದೆ: "ಹಿಟ್ಟು ಹಳೇದಾತಂದ್ರ ಜಿಗಿ ಹೋಗತೈತ್ರಿ. ಎಷ್ಟ ನಾದಿದ್ರೂ ರೊಟ್ಟಿ ಹರೀತಾವ." ಜೋಳಕ್ಕೆ ಗೋದಿಯ ಅಂಟಿಲ್ಲ. ಕುದಿಯುವ ಎಸರು ಹಾಕಿ ನಾದಿದಾಗಲೇ ಹಿಟ್ಟು ಕೂಡಿಕೊಳ್ಳುವುದು. ಅದೂ ಗಿರಣಿಯಿಂದ ಬಂದು ಬಹಳ ದಿನ ಆಗಿರಬಾರದು. ಅಂದಮೇಲೆ ರೊಟ್ಟಿ ಬೇಕೆಂದರೆ ಓಣಿಯ ಹತ್ತಿರ ಗಿರಣಿ ಇರಬೇಕು. ಗಿರಣಿ ನಡೆಯಬೇಕೆಂದರೆ ಎರಿ ಹೊಲದಲ್ಲಿ ಹಿಂಗಾರಿ ಜೋಳ ನಿಲ್ಲಬೇಕು. ರೈತ, ಗಿರಣಿಯವ, ಬಡಿಯುವ ಕೈ, ಉಣ್ಣುವವ ಎಲ್ಲರನ್ನೂ ಈ ಹಿಟ್ಟೇ ಹತ್ತಿರ ಹತ್ತಿರ ಇಟ್ಟಿದೆ.

ಜಗತ್ತಿನ ದೊಡ್ಡ ಫಾಸ್ಟ್ ಫುಡ್ ಕಂಪನಿಗಳ ಲೆಕ್ಕ ಇದಕ್ಕೆ ತೀರಾ ಉಲ್ಟಾ. ದಿಲ್ಲಿಯಲ್ಲಿ ತಿಂದರೂ ಹುಬ್ಬಳ್ಳಿಯಲ್ಲಿ ತಿಂದರೂ ರುಚಿ ಒಂದೇ ಇರಬೇಕು. ಅದಕ್ಕೆ ಹೊಲವೇ ಬದಲಾಗಬೇಕು. 1996ರಲ್ಲಿ ಮೆಕ್‌ಡೊನಾಲ್ಡ್ಸ್ ಭಾರತದಲ್ಲಿ ಅಂಗಡಿ ತೆರೆಯಿತು. ಅದರ ಫ್ರೆಂಚ್ ಫ್ರೈಗೆ ನಮ್ಮ ಮಾಮೂಲಿ ಆಲೂಗಡ್ಡೆ ಒಗ್ಗದೆ, ಗುಜರಾತಿನ ರೈತರು ಕರಾರಿನ ಮೇಲೆ ಶೇಪೋಡಿಯಂಥ ಹೊರಗಿನ ತಳಿ ಬೆಳೆದರು. ಅವರಿಗೆ ಗಿರಾಕಿ ಸಿಕ್ಕಿದ್ದು ನಿಜ. ಆದರೆ ಏನು ಬಿತ್ತಬೇಕೆಂಬ ಮಾತು ಹೊಲದ ಬದುವಿನಿಂದ ಎದ್ದುಹೋಯಿತು.

1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ತೆರೆದಾಗ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ ಕೇಳಿದ್ದೂ ಇದನ್ನೇ: ನಮ್ಮ ಹೊಲದಲ್ಲಿ ಏನು ಬೆಳೆಯಬೇಕೆಂದು ಹೇಳುವವರು ಯಾರು? 1996ರ ಜನವರಿ 30ರಂದು, ಗಾಂಧಿ ಪುಣ್ಯತಿಥಿಯಂದೇ, ಆ ಅಂಗಡಿಯ ಮೇಲೆ ಸಂಘದವರಿಂದ ದಾಳಿ ನಡೆಯಿತು. ಒಡೆಯುವುದನ್ನು ನಾನು ಒಪ್ಪಲಾರೆ. ಅವರ ಪ್ರಶ್ನೆಯನ್ನು ಬಿಡಲಾರೆ. ಇಂದು ಕೆಎಫ್‌ಸಿ, ಡಾಮಿನೋಸ್ ಎರಡೂ ಹುಬ್ಬಳ್ಳಿಯಲ್ಲಿವೆ. ಕೌಂಟರಿನ ಹಿಂದೆ ನಿಂತವರು ನಮ್ಮ ಹುಡುಗರೇ. ಡಾಮಿನೋಸ್ ನಡೆಸುವ ಜುಬಿಲಂಟ್ ಫುಡ್‌ವರ್ಕ್ಸ್ ನಮ್ಮ ದೇಶದ ಕಂಪನಿಯೇ. ಪರದೇಶಿ ಎಂದು ಬೈದರೆ ವಾದ ಗೆದ್ದಂತಾಗದು.

ನಮ್ಮೂರಿನದು ಎಂದಮಾತ್ರಕ್ಕೆ ಎಲ್ಲವೂ ಒಳ್ಳೆಯದೂ ಅಲ್ಲ. ಆ ಅಕ್ಕ ಒಲೆಯ ಝಳಕ್ಕೆ ಮುಖ ಕೊಟ್ಟು ಕೂತಿದ್ದರು. ಹಂಚಿನ ಮೇಲೆ ಬಿದ್ದ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರುವಾಗ ಒಂದು ಕೈ ತಾನಾಗಿ ಹೆಗಲು ಹಿಡಿದುಕೊಳ್ಳುತ್ತಿತ್ತು. ಅವರ ಗಳಿಕೆ ರೊಟ್ಟಿಯ ಲೆಕ್ಕದಲ್ಲಿ; ಬಡಿಯದ ದಿನ ದುಡ್ಡಿಲ್ಲ. ಸುಸ್ಥಿರ ವ್ಯಾಪಾರ ಎಂದು ನಾವು ಹೊಗಳುವುದು ಇದನ್ನೇ ಆದರೆ, ಮಣ್ಣಿನ ಜತೆ ಆ ಹೆಗಲೂ ಬಾಳಬೇಕು. ಈ ವ್ಯಾಪಾರ ಬೆಳೆಯಲು ದಾರಿ ಇಲ್ಲದೇನಿಲ್ಲ: ಕಡಕ್ ರೊಟ್ಟಿ ಬಹಳ ದಿನ ಕೆಡದು, ಕಟ್ಟಿಕೊಟ್ಟರೆ ಬೆಂಗಳೂರು, ಪುಣೆಗೂ ಹೋಗುತ್ತದೆ. ಅಲ್ಲಿ ಸಿಗುವ ಹೆಚ್ಚಿನ ಬೆಲೆ ಬಡಿದವರ ಮನೆಗೂ ಬರಬೇಕು.

ಅದಕ್ಕೆ ಮೊದಲು ಉಣ್ಣುವವರಾದ ನಾವು ಒಪ್ಪಬೇಕು. ಪಿಜ್ಜಾದ ಬಿಲ್ಲಿಗೆ ಮರುಮಾತಾಡದೆ ದುಡ್ಡು ಕೊಡುತ್ತೇವೆ. ರೊಟ್ಟಿಗೆ ಒಂದು ರೂಪಾಯಿ ಏರಿದರೆ ಚೌಕಾಸಿಗೆ ನಿಲ್ಲುತ್ತೇವೆ. ಗಿರಣಿಯವರು ಬೀಸುವ ದರ ಏರಿಸಿದ್ದಾರಂತೆ. ಆ ಅಕ್ಕ ಇನ್ನೂ ಏರಿಸಿಲ್ಲ. ಕೇಳಿದರೆ, "ಗಿರಾಕಿ ಬಿಟ್ಟ ಹೋದ್ರ ಏನ ಮಾಡೂದ್ರಿ?" ಅಂದರು.